ಒಂಬತ್ತನೆಯ ಕಲಮಿಗೆ ಬಾರದ ‘ಹೂಂ’

ಮಂಗಳವಾರ, ಬೆಳಗಿನ ಏಳೂಕಾಲು. ಜನವರಿಯ ಎಡಿನ್‌ಬರೋದಲ್ಲಿ ಈ ಹೊತ್ತಿಗೆ ಇನ್ನೂ ಬೆಳಕು ಹರಿದಿರುವುದಿಲ್ಲ. ಸಾಲಿಸಿಟರುಗಳ, ಅಂದರೆ ವಕೀಲರ, ಸಂಘದ ಮೂರನೆಯ ಮಹಡಿಯಲ್ಲಿ ಉರಿಯುತ್ತಿರುವುದು ಒಂದೇ ದೀಪ. ಅದರ ಕೆಳಗೆ ಕೂತು ನೆಟ್ಟಾ ಕೇರ್ನ್ಸ್ ಕಾನೂನನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಎದುರಿನ ಕುರ್ಚಿ ಖಾಲಿ.

“ಕಾಣೆಯಾದ ವ್ಯಕ್ತಿಯು, ಅಲ್ಪವಿರಾಮ, ಏಳು ವರ್ಷಗಳ ಕಾಲ ಬದುಕಿರುವನೆಂದು ಯಾರಿಗೂ ತಿಳಿದುಬಾರದಿದ್ದಲ್ಲಿ, ಅಲ್ಪವಿರಾಮ, ಮೃತನೆಂದು ಘೋಷಿಸತಕ್ಕದ್ದು, ಪೂರ್ಣವಿರಾಮ.”

ಅಷ್ಟು ಓದಿ ಅವರು ನಿಲ್ಲುತ್ತಾರೆ. ಯಾರೋ ಒಬ್ಬರು ‘ಹೂಂ’ ಅನ್ನಲು ಬೇಕಾದಷ್ಟು ಹೊತ್ತು. ನಂತರ ಮುಂದಿನ ಕಲಮು.

ಶಾಸನಸಭೆಗೆ ಹೊಸ ಮಸೂದೆ ಬಂದಾಗಲೆಲ್ಲ ಅದು ಮೊದಲು ಈ ಮೇಜಿಗೆ ಬರುತ್ತದೆ. ನೆಟ್ಟಾ ತಪ್ಪು, ಗೊಂದಲಗಳನ್ನು ಗುರುತು ಹಾಕುತ್ತಾರೆ. ಊರೂರಿನಲ್ಲಿ ವಕೀಲಿಕೆ ಮಾಡುತ್ತಿರುವ ಹನ್ನೆರಡು ಮಂದಿಯ ಸಮಿತಿ ಅದನ್ನು ಚರ್ಚಿಸುತ್ತದೆ. ಸಂಘದ ಅಭಿಪ್ರಾಯ ಶಾಸನಸಭೆಗೆ ಹೋಗುತ್ತದೆ. ಮಸೂದೆ ಕಾನೂನಾದ ಮೇಲೆ, ಅದರಂತೆ ನಡೆಯುವುದು ಹೇಗೆಂದು ಸಾವಿರಾರು ಸದಸ್ಯರಿಗೆ ಕೈಪಿಡಿ ಬರೆಯುವವರೂ ಇವರೇ. ದಿನಕ್ಕೆ ನಲವತ್ತು ಕಲಮು, ಇಪ್ಪತ್ತೊಂಬತ್ತು ವರ್ಷ. ಯಾವ ಕೈಪಿಡಿಯಲ್ಲೂ ಅವರ ಹೆಸರಿಲ್ಲ.

“ಹೆಸರು ಹಾಕಿದ್ರೆ ಜನ ಫೋನ್ ಮಾಡ್ತಾರೆ ಕಣಮ್ಮ. ಓದೋದು ಯಾವಾಗ?” ಎಂದು, ತಮ್ಮ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ.

ಈ ಓದು ಇಬ್ಬರ ಕೆಲಸ. ಒಬ್ಬರು ಹೊಸ ಪಠ್ಯವನ್ನು ವಿರಾಮಚಿಹ್ನೆಗಳ ಸಮೇತ ಓದಬೇಕು, ಇನ್ನೊಬ್ಬರು ಹಿಂದಿನ ಪ್ರತಿಯ ಮೇಲೆ ಬೆರಳಿಟ್ಟು ಪ್ರತಿ ಕಲಮಿಗೂ ‘ಹೂಂ’ ಅನ್ನಬೇಕು. ಇಪ್ಪತ್ತೆರಡು ವರ್ಷ ‘ಹೂಂ’ ಅಂದವರು ಡೂಗಲ್ ಪಿರೀ. ಒಂದು ಮಾರ್ಚಿನ ಭಾನುವಾರ ಅವರು ಕ್ರಾಮಂಡ್ ದ್ವೀಪಕ್ಕೆ ನಡೆದುಹೋದರು. ಸಮುದ್ರದ ಇಳಿತದಲ್ಲಿ ತೆರೆದುಕೊಂಡು ಭರತದಲ್ಲಿ ಮುಳುಗುವ ದಾರಿ ಅದು. ದಾರಿಯಂಚಿನ ಕಂಬವೊಂದರ ಬುಡದಲ್ಲಿ ಅವರ ಚಹಾದ ಫ್ಲಾಸ್ಕು ಸಿಕ್ಕಿತು, ಮುಚ್ಚಳ ಬಿಗಿಯಾಗಿಯೇ ಇತ್ತು. ಅವರು ಸಿಗಲಿಲ್ಲ. ಈ ಮಾರ್ಚಿಗೆ ಏಳು ವರ್ಷ ತುಂಬುತ್ತದೆ. ಇವತ್ತು ನೆಟ್ಟಾ ಓದುತ್ತಿರುವ ಮಸೂದೆ ಡೂಗಲ್‌ರಂಥವರ ಕುರಿತದ್ದೇ. ಡೂಗಲ್ ತಮ್ಮ ಜೊತೆಗಾರರಾಗಿದ್ದುದನ್ನು ಅವರು ಮೊದಲ ದಿನವೇ ಸಮಿತಿಗೆ ಬರೆದು ತಿಳಿಸಿದ್ದಾರೆ. ಓದಲು ಬೇರೆ ಯಾರೂ ಮುಂದೆ ಬರಲಿಲ್ಲ.

ಡೂಗಲ್ ಹೋದ ಮೇಲೆ ಕಚೇರಿ ಒಂದು ಸಾಫ್ಟ್‌ವೇರ್ ತಂದಿತು. ಎರಡು ಪ್ರತಿಗಳ ನಡುವೆ ಬದಲಾದದ್ದನ್ನೆಲ್ಲ ಅದು ಕೆಂಪು ಮಾಡಿ ತೋರಿಸುತ್ತದೆ. ನೆಟ್ಟಾ ಅದನ್ನೂ ನೋಡುತ್ತಾರೆ, ಆಮೇಲೆ ಖಾಲಿ ಕುರ್ಚಿಗೆ ಓದುತ್ತಾರೆ. ವಿಭಾಗದ ಮುಖ್ಯಸ್ಥ ರೋರಿ ಬಾಲ್ಫರ್‌ಗೆ ಇದೊಂದು ತಮಾಷೆ. “ನೆಟ್ಟಾ, ಆ ಕುರ್ಚಿಗೆ ರಜೆ ಗಿಜೆ ಕೊಡ್ತೀರೋ ಇಲ್ವೋ?” ಎಂದು ಕೆಣಕುತ್ತಾರೆ.

ದೆವ್ವ ಭೂತ ನಂಬುವವಳಲ್ಲ ನಾನು. ಈ ಊರಿಗೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿನವರು ಕಟ್ಟಡಕ್ಕೊಂದು ದೆವ್ವ ಸಾಕಿಕೊಂಡಿರುವುದನ್ನು ನೋಡಿ ನಕ್ಕವಳು. ಆದರೆ ಆ ಮಂಗಳವಾರ ಅವರ ಪಕ್ಕ ಕೂತಿದ್ದಾಗ ಕೇಳಿದ್ದನ್ನು ಬರೆಯಲೇಬೇಕು. ನೆಟ್ಟಾ ಓದಿ ನಿಲ್ಲಿಸಿದಾಗಲೆಲ್ಲ ಎದುರಿನಿಂದ ಒಂದು ಸಣ್ಣ ಸದ್ದು ಬರುತ್ತಿತ್ತು, ಗಂಟಲೊಳಗೇ ಆಡಿದ ಹಾಗೆ. ಗೋಡೆಯ ಬಿಸಿನೀರಿನ ಕೊಳವೆ ಎಂದು ನಾನು ಬರೆದುಕೊಂಡೆ. ಎಂಟು ಕಲಮಿಗೆ ಎಂಟು ಸಲ.

ಒಂಬತ್ತನೆಯದು ಹೀಗಿತ್ತು: ಮೃತನೆಂದು ಘೋಷಿತನಾದ ವ್ಯಕ್ತಿ ಹಿಂದಿರುಗಿದಲ್ಲಿ ಹದಿನಾಲ್ಕನೆಯ ಕಲಮಿನಡಿ ಅರ್ಜಿ ಸಲ್ಲಿಸಬಹುದು. ನೆಟ್ಟಾ ನಿಂತರು. ಸದ್ದಿಲ್ಲ. ಮತ್ತೆ ಓದಿದರು. ಇಲ್ಲ. ಮೂರನೆಯ ಸಲ ಓದುವಾಗ ಅವರ ದನಿ ಇಳಿದಿತ್ತು.

ಅವರು ಪುಟ ತಿರುಗಿಸಿ ಹದಿನಾಲ್ಕನೆಯ ಕಲಮಿಗೆ ಹೋದರು. ಅದರಲ್ಲಿದ್ದದ್ದು: ಅರ್ಜಿ ಬಂದೊಡನೆ ಮರಣದ ನಮೂದನ್ನು ಮುಂದೆಂದೂ ತಿದ್ದಲಾಗದಂತೆ ಕಾಯಂ ಆಗಿ ಮುಚ್ಚತಕ್ಕದ್ದು.

ಮಸೂದೆ ಬರೆದವರು ಹೊಸ ಪ್ರತಿಯಲ್ಲಿ ನಡುವಿನ ಯಾವುದೋ ಕಲಮನ್ನು ಕೈಬಿಟ್ಟಿದ್ದರು. ಹದಿನಾಲ್ಕರಲ್ಲಿದ್ದ ಹಿಂದಿರುಗಿದವರ ಕಲಮು ಹದಿಮೂರಕ್ಕೆ ಸರಿದಿತ್ತು. ಒಂಬತ್ತರೊಳಗಿನ ಅಂಕಿಯನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ಅಂಕಿ ಬದಲಾಗದೆ ಇದ್ದದ್ದರಿಂದ ಸಾಫ್ಟ್‌ವೇರ್ ಕೆಂಪು ಮಾಡಿರಲಿಲ್ಲ. ನಾನು ಬದುಕಿದ್ದೇನೆ ಎಂದು ಬಂದು ಅರ್ಜಿ ಕೊಟ್ಟವನನ್ನು ಕಾನೂನು ಆ ಅರ್ಜಿಯಿಂದಲೇ ಶಾಶ್ವತವಾಗಿ ಸಾಯಿಸುತ್ತಿತ್ತು. ಅಭಿಪ್ರಾಯ ಕಳಿಸಲು ಮರುದಿನವೇ ಕಡೆಯ ದಿನ.

ಒಂಬತ್ತು ಗಂಟೆಗೆ ಬಂದ ರೋರಿ ಮೊದಲು ಹಗುರಾಗಿಯೇ ತೆಗೆದುಕೊಂಡರು. “ಅಚ್ಚಿನ ತಪ್ಪು ಅಷ್ಟೇ ಅಲ್ವಾ. ಕೋರ್ಟಿಗೆ ಅರ್ಥ ಆಗುತ್ತೆ ಬಿಡಿ.”

“ಅರ್ಥ ಆಗೋವರೆಗೂ ಅವನು ಯಾರು ರೋರಿ?” ನೆಟ್ಟಾ ದನಿಯೇರಿಸಲಿಲ್ಲ. “ಕೋರ್ಟಿಗೆ ಹೋಗೋಕೂ ಬದುಕಿರ್ಬೇಕು.”

ರೋರಿ ಖಾಲಿ ಕುರ್ಚಿಯನ್ನೊಮ್ಮೆ ನೋಡಿ ಸಮಿತಿಗೆ ಫೋನ್ ಮಾಡಿದರು. ಸಂಜೆಯೊಳಗೆ ಪತ್ರ ಹೋಯಿತು. ಎರಡು ವಾರದ ಮೇಲೆ ಮಸೂದೆಯಲ್ಲಿ ಹದಿನಾಲ್ಕು ಹದಿಮೂರಾಯಿತು, ಬೇಗನೆ ಅದು ಕಾನೂನೂ ಆಯಿತು. ಯಾವ ಪತ್ರಿಕೆಯೂ ಬರೆಯಲಿಲ್ಲ.

ಎಲ್ಲ ಮುಗಿಯಿತೆಂದುಕೊಂಡಿದ್ದೆ. ಫೆಬ್ರವರಿಯ ಕೊನೆಗೆ ಡೂಗಲ್‌ರ ತಂಗಿ ವಿನಿ ಒಂದು ಫಾರಮ್ಮು ಹಿಡಿದು ಕಚೇರಿಗೆ ಬರುತ್ತಾರೆ. ಅರವತ್ತು ದಾಟಿದ ಹೆಂಗಸು. ಕೋಟು ಕೂಡ ಬಿಚ್ಚದೆ ನಿಂತೇ ಮಾತಾಡುತ್ತಾರೆ.

“ಅವನು ಸತ್ತಿದ್ದಾನೆ ಅಂತ ಒಂದು ಸಾಲು ಬರ್ಕೊಡೇ ನೆಟ್ಟಾ. ಅಮ್ಮನ ಗೋರಿಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸ್ಬೇಕು. ಕೋರ್ಟಿನ ಘೋಷಣೆ ಇಲ್ದೆ ಚರ್ಚಿನೋರು ಬಿಡ್ತಿಲ್ಲ. ನನಗೂ ವಯಸ್ಸಾಯ್ತು.”

“ಸತ್ತಿದ್ದಾನೆ ಅಂತ ನನಗೆ ಗೊತ್ತಿಲ್ವಲ್ಲ ವಿನಿ.”

“ನಿನ್ನ ಹಟ ಬಿಡಲ್ಲ ನೀನು. ಏಳು ವರ್ಷ ಆಗ್ತಾ ಬಂತು ಕಣೇ.”

“ಶುಕ್ರವಾರ ಸಂಜೆ ಐದೂಕಾಲಿಗೆ ಹೋಗ್ತಾ, ‘ಸೋಮವಾರ ಇಪ್ಪತ್ಮೂರನೇ ಕಲಮಿಂದ ಓದೋಣ’ ಅಂದ. ಆಮೇಲೆ ನಾನು ನೋಡಿಲ್ಲ. ನನಗೆ ಗೊತ್ತಿರೋದು ಅಷ್ಟು. ಅಷ್ಟನ್ನ ಪ್ರಮಾಣ ಮಾಡಿ ಬರ್ಕೊಡ್ತೀನಿ.”

“ಅಷ್ಟು ಸಾಕಾಗುತ್ತಾ?”

“ಸಾಕು. ಕಾನೂನು ಅದಕ್ಕಿಂತ ಜಾಸ್ತಿ ಕೇಳಲ್ಲ.”

ಬರೆಯುವಾಗ ಅವರ ಕೈ ಎರಡು ಸಲ ನಿಲ್ಲುತ್ತದೆ. ವಿನಿ ಮುಖ ತಿರುಗಿಸಿ ಕಿಟಕಿ ನೋಡುತ್ತಾರೆ. ನನಗೆ ಅಳು ಬರುತ್ತದೆ, ಅವರಿಬ್ಬರೂ ಅಳುವುದಿಲ್ಲ.

ವಿನಿ ಹೋದ ಮೇಲೆ, ನಿವೃತ್ತಿಗೆ ಮುಂಚೆ ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ನೆಟ್ಟಾ ಪೆನ್ನಿನ ಮುಚ್ಚಳ ಹಾಕುತ್ತಾರೆ.

“ಕಲ್ಲಿನ ಮೇಲೆ ಅವನ ಹೆಸರು ಬರ್ಲಿ, ವಿನಿಗೆ ನೆಮ್ಮದಿ. ಒಂದು ವೇಳೆ ಅವನೇ ಬಂದ್ರೆ ಅಳಿಸೋಕೂ ಆಗ್ಬೇಕು. ಎರಡಕ್ಕೂ ಕಲಮು ಸರಿಯಾಗಿದೆ. ನಾನು ಓದಿ ನೋಡಿದ್ದೀನಿ.”