ಒಂದು ಲೋಟ ವೈನೂ ಮೂರು ಗಂಟೆಯ ಎಚ್ಚರವೂ

ಮೊನ್ನೆ ನರಗುಂದದ ಬಜಾರದಲ್ಲಿ ಕೈಗಾಡಿಯೊಂದರ ಮೇಲೆ ಕಪ್ಪು ದ್ರಾಕ್ಷಿ ಬಿಸಿಲಿಗೆ ಬಾಡುತ್ತಿತ್ತು. ಸಿಹಿಯೂ ಹುಳಿಯೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಆಕಳಿಕೆ ಬಂತು. ನಗಬೇಡಿ. ದ್ರಾಕ್ಷಿಗೂ ನನ್ನ ಆಕಳಿಕೆಗೂ ಹಳೆಯ ನಂಟಿದೆ. ನಾಲ್ಕು ಹೆಜ್ಜೆ ಜೊತೆಗೆ ಬಂದರೆ ಹೇಳುತ್ತೇನೆ.

ನಾನು ಹೈಸ್ಕೂಲು ಮಾಸ್ತರ. ಐವತ್ತು ದಾಟುವವರೆಗೆ ಚಹಾ ಬಿಟ್ಟರೆ ಬೇರೆ ಚಟವಿರಲಿಲ್ಲ. ದುಶ್ಚಟಗಳ ವಿರುದ್ಧ ಶಾಲೆಯಲ್ಲಿ ಪ್ರತಿ ವರ್ಷ ಭಾಷಣ ಮಾಡುವವನೂ ನಾನೇ. ವಿಷಯಜ್ಞಾನದಿಂದಲ್ಲ, ಧ್ವನಿ ದೊಡ್ಡದೆಂದು. ಆದರೆ ಐವತ್ತರ ನಂತರ ನಿದ್ದೆ ಯಾಕೋ ಮುನಿಸಿಕೊಂಡಿತು. ಹಾಸಿಗೆಯಲ್ಲಿ ತಾಸುಗಟ್ಟಲೆ ಹೊರಳಾಡುತ್ತಿದ್ದೆ. ಆಗಲೇ ವಿಜಯಪುರದಿಂದ ನನ್ನ ಷಡ್ಡಕರು, ಅಂದರೆ ಹೆಂಡತಿ ಸುವರ್ಣಾಳ ತಂಗಿಯ ಗಂಡ, ಎರಡು ಬಾಟಲಿ ಕೆಂಪು ವೈನು ತಂದು ಮೇಜಿನ ಮೇಲಿಟ್ಟರು.

"ಇದು ದಾರೂ ಅಲ್ರಿ ಅಣ್ಣಾರ, ದ್ರಾಕ್ಷಿ ರಸ. ಸಂಜಿ ಊಟಾದ ಮ್ಯಾಲೆ ಒಂದು ಗ್ಲಾಸ್ ತಗೋರಿ, ದಿಂಬಿಗೆ ತಲಿ ಹಚ್ಚೂದರಾಗ ನಿದ್ದಿ ಬರ್ತದ."

ಸುವರ್ಣಾ ಬಾಟಲಿಯನ್ನೂ ನನ್ನನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಷಡ್ಡಕರ ಮಾತು ಸುಳ್ಳಾಗಲಿಲ್ಲ. ಸ್ಟೀಲ್ ಲೋಟದಲ್ಲಿ ವೈನು ಕುಡಿದು ಮಲಗಿದರೆ ಹತ್ತಕ್ಕೆಲ್ಲ ಗೊರಕೆ. ಆದರೆ ಅವರು ಹೇಳದೇ ಬಿಟ್ಟ ಮಾತೊಂದಿತ್ತು. ಬೆಳಗಿನ ಮೂರಕ್ಕೆ ಯಾರೋ ತಟ್ಟಿ ಎಬ್ಬಿಸಿದಂತೆ ಎಚ್ಚರವಾಗುತ್ತಿತ್ತು. ಗಂಟಲು ಒಣಗಿ, ಬೆನ್ನು ಬೆವೆತು, ಎದೆ ಡವಡವ ಎನ್ನುತ್ತಿತ್ತು. ಯಾವ ಕಾಲದಲ್ಲೋ ಯಾರಿಗೋ ಆಡಿದ ಬಿರುಸು ಮಾತೆಲ್ಲ ಆಗಲೇ ನೆನಪಾಗಬೇಕು. ವೈನು ಕುಡಿದೂ ನಿದ್ದೆ ಇಷ್ಟೇ, ಕುಡಿಯದಿದ್ದರೆ ಇದೂ ಇಲ್ಲ ಎಂದು ನಾನು ತರ್ಕ ಮಾಡಿದೆ. ಲೋಟ ಒಂದಿದ್ದದ್ದು ಎರಡಾಯಿತು, ಬಾಟಲಿ ಮುಗಿದಾಗಲೆಲ್ಲ ಹೊಸದು ತಂದೆ. ಮಕ್ಕಳಿಗೆ ತರ್ಕ ಕಲಿಸುವ ಮಾಸ್ತರನ ಬುದ್ಧಿ ನೋಡಿ.

ಹೀಗೇ ಏಳೆಂಟು ತಿಂಗಳು ಕಳೆದವು. ಚಳಿಗಾಲದ ಒಂದು ಭಾನುವಾರ ಸುವರ್ಣಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಇಟಗಿಗೆ ಹೋಗಿ, ಭೀಮಾಂಬಿಕೆಯ ದರ್ಶನ ಮಾಡಿ, ಮಧ್ಯಾಹ್ನ ರೋಣದ ಮೇಲಿಂದ ಮರಳುತ್ತಿದ್ದೆ. ರಸ್ತೆ ನೆಟ್ಟಗಿತ್ತು, ಬಿಸಿಲು ಬೆಚ್ಚಗಿತ್ತು. ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. "ರೀ" ಎಂದು ಅವಳು ಭುಜ ಹಿಡಿದು ಜಗ್ಗಿದ್ದು ಮಾತ್ರ ನೆನಪಿದೆ. ಕಣ್ಣು ಬಿಟ್ಟಾಗ ಇಬ್ಬರೂ ಕಡಲೆ ಹೊಲದಲ್ಲಿ ಬಿದ್ದಿದ್ದೆವು. ಎರೆಮಣ್ಣು ಮೆತ್ತಗಿತ್ತು, ನನಗೆ ಮೊಣಕಾಲು ತರಚಿದ್ದಷ್ಟೇ. ಸುವರ್ಣಾ ಎಡಗೈ ಹಿಡಿದುಕೊಂಡು ಕೂತಿದ್ದಳು. ಬಳೆಗಳು ಒಡೆದಿದ್ದವು, ಮಣಿಕಟ್ಟು ಬಾತಿತ್ತು.

ನರಗುಂದದ ದವಾಖಾನೆಯಲ್ಲಿ ಡಾಕ್ಟರಮ್ಮ ಮುರಿದ ಮಣಿಕಟ್ಟಿಗೆ ಪಟ್ಟಿ ಹಾಕುತ್ತ, "ಹ್ಯಾಂಗ ಬಿದ್ರಿ?" ಎಂದರು. ನಾಯಿ ಅಡ್ಡ ಬಂತೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಸುವರ್ಣಾ ಹೇಳಿದಳು:

"ಇವರಿಗೆ ಜೋಂಪು ಹತ್ತಿತ್ರಿ. ದಿನಾ ಮೂರಕ್ಕ ಎದ್ದು ಕುಂದರತಾರ. ಸಂಜಿಮುಂದ ವೈನ್ ಕುಡೀತಾರ್ರಿ."

"ಮೂರಕ್ಕ ಏಳೂದು ನಿನಗ ಹ್ಯಾಂಗ ಗೊತ್ತು?" ಎಂದೆ.

"ನೀವು ಎದ್ದಾಗೆಲ್ಲ ನಾನೂ ಎಚ್ಚರ ಇರ್ತೇನಿ. ಮಾತಾಡಿಸಿದ್ರ ಇನ್ನಷ್ಟು ನಿದ್ದಿ ಕೆಡ್ತದಂತ ಸುಮ್ಮನ ಮಲ್ಕೊಂಡಿರ್ತೇನಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಸರ, ವೈನ್ ನಿದ್ದಿ ಲಗೂ ತರ್ತದ, ಖರೇ. ಆದ್ರ ಮೈಯಾಗ ಅದು ಇಳೀತಿದ್ದಂಗ ಆ ನಿದ್ದಿನ ಒಡೀತದ. ವಯಸ್ಸಾದಂಗ ನಿದ್ದಿ ಮೊದಲ ತೆಳ್ಳಗಾಗಿರ್ತದ. ಬಿಟ್ಟು ನೋಡ್ರಿ. ಮೊದಲ ನಾಕು ದಿನ ಕಷ್ಟ ಆಗ್ತದ."

ನಾಲ್ಕಲ್ಲ, ಹದಿನೈದು ದಿನ ಕಷ್ಟವಾಯಿತು. ಉಳಿದ ವೈನನ್ನು ಅಂದೇ ಮೋರಿಗೆ ಸುರಿದಿದ್ದೆ. ಸಂಜೆಯಾದರೆ ಕೈ ಸುಮ್ಮನಿರುತ್ತಿರಲಿಲ್ಲ. ಪುಣ್ಯಕ್ಕೆ ಕೈಗೆ ಕೆಲಸವಿತ್ತು. ಸುವರ್ಣಾಳ ಕೈ ಪಟ್ಟಿಯಲ್ಲಿತ್ತಲ್ಲ, ರೊಟ್ಟಿ ನಾನೇ ಬಡಿಯಬೇಕಾಯಿತು. ನನ್ನ ರೊಟ್ಟಿಗಳಿಗೆ ಯಾವ ಆಕಾರವೂ ಇರುತ್ತಿರಲಿಲ್ಲ. ಅವಳು ಒಂದಕ್ಕೂ ಕೊಂಕು ತೆಗೆಯದೆ ತಿಂದಳು. ಅವಳ ಜಡೆ ಹೆಣೆಯುವುದನ್ನೂ ಕಲಿತೆ.

"ಭಾಳ ಬಿಗೀಬ್ಯಾಡ್ರಿ, ಎತ್ತಿಗೆ ಹಗ್ಗ ಹೊಸದಂಗ ಆಗ್ತದ," ಎಂದಳು ಒಮ್ಮೆ.

"ನನ್ನಿಂದ ನಿನ್ನ ಕೈ ಮುರೀತು," ಎಂದೆ. ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತು ಅವಳ ಬೆನ್ನ ಹಿಂದೆ ಕೂತಿದ್ದಾಗ ಸುಲಭವಾಗಿ ಹೊರಬಂತು.

"ಕೈ ಕೂಡತದ. ಆ ಹಾದ್ಯಾಗ ಲಾರಿ ಬಂದಿದ್ರ?" ಎಂದಳು. ಬಲಗೈಯಿಂದ ರಿಬ್ಬನ್ ಹಿಂದಕ್ಕೆ ಚಾಚಿ, "ತುದಿಗೆ ಇದನ್ನ ಕಟ್ರಿ," ಎಂದಳು.

ಜಡೆ ಮುಗಿದ ಮೇಲೆ ಊರ ಗುಡ್ಡದ ಬುಡದ ತನಕ ಇಬ್ಬರೂ ನಡೆದು ಬರುತ್ತಿದ್ದೆವು. ಪಟ್ಟಿ ಬಿಚ್ಚಿದ ಮೇಲೂ ಆ ನಡಿಗೆ ನಿಲ್ಲಲಿಲ್ಲ. ನಿದ್ದೆ ಮೆಲ್ಲಗೆ ಮರಳಿತು. ಹುಡುಗುತನದ ನಿದ್ದೆಯಲ್ಲ, ನಡುವೆ ಒಮ್ಮೆ ನೀರಿಗೆಂದು ಏಳುವ ನಿದ್ದೆ. ಆದರೂ ಅದು ನನ್ನ ಸ್ವಂತದ್ದು.

ಇಂದು ಐದೂವರೆಗೆ ಎಚ್ಚರವಾಯಿತು. ಪಕ್ಕದಲ್ಲಿ ಸುವರ್ಣಾ ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದಳು. ಮದುವೆಯಾದಾಗಿನಿಂದ ನನಗಿಂತ ತಡವಾಗಿ ಮಲಗಿ ನನಗಿಂತ ಮೊದಲೇ ಎದ್ದವಳು. ಅವಳು ಮಲಗಿರುವುದನ್ನು ಇಷ್ಟು ಹೊತ್ತು ನಾನು ನೋಡಿದ್ದೇ ಇಲ್ಲ. ಹಾಲಿನವನು ಬಂದು ಕೂಗಬಾರದೆಂದು ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತೆ.

"ಏನ್ರಿ ಸರ, ಇವತ್ತ ನೀವು? ಅಕ್ಕಾರ ಎಲ್ಲ್ಯಾರ್ರಿ?" ಎಂದನು.

"ಮಲಗ್ಯಾಳಪಾ," ಎಂದೆ. "ಮೆಲ್ಲಗ ಹಾಕು."