ಅಕ್ಕನ ಸ್ವೆಟರು, ನನ್ನ ಬೆರಳು

‘ಇವಳು ನನ್ನ ಅಕ್ಕ.’ ಮೂರೇ ಪದ. ಹೋದ ವರ್ಷದ ಎಳ್ಳಮಾವಾಸ್ಯೆಯ ದಿನ, ಹುಮನಾಬಾದ ಹತ್ತಿರದ ಹುಡಗಿ ಎಂಬ ಊರಿನ ಹೊಲದಲ್ಲಿ ನಿಂತು ಅಷ್ಟನ್ನು ಹೇಳುವುದು ನನ್ನಿಂದ ಆಗಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಈ ಮೂರು ಪದಕ್ಕೆ ಅಷ್ಟು ಓದೂ ಬೇಕಿರಲಿಲ್ಲ.

ನಾನು ಬಸವಕಲ್ಯಾಣದಲ್ಲಿ ಆಟೊ ಓಡಿಸುತ್ತೇನೆ. ಆಗ ಫೋಟೊ ತೆಗೆಯುವವರೊಬ್ಬರು ನನ್ನ ಆಟೊ ಹತ್ತಿದ್ದರು. ಏಷ್ಯಾದ ದೇಶಗಳನ್ನೆಲ್ಲ ಸುತ್ತಿ, ಜನರ ದಿನದ ಬದುಕು ಮತ್ತು ಹಬ್ಬಗಳ ಫೋಟೊ ತೆಗೆಯುವುದು ಅವರ ಕೆಲಸ. ಕೋಟೆಗೆ ಹೋಗೋಣವೇ ಎಂದರೆ ಬೇಡವೆಂದರು. ಪೇಟೆಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದ ಮುದುಕಿಯ ಮುಂಗೈಯ ಫೋಟೊವನ್ನೇ ಅರ್ಧ ತಾಸು ತೆಗೆದರು. ಚಹಾ ಕುಡಿಯುವಾಗ ಕ್ಯಾಮೆರಾದಲ್ಲೇ ತಮ್ಮ ಫೋಟೊಗಳನ್ನು ತೋರಿಸಿದರು. ವಿಯೆಟ್ನಾಮಿನಲ್ಲಿ ದೋಣಿಯೊಳಗೆ ಕುಳಿತು ಕಾಯಿಪಲ್ಲೆ ಮಾರುವ ಹೆಂಗಸರು, ನೇಪಾಳದಲ್ಲಿ ನಾಯಿಯ ಕೊರಳಿಗೆ ಹೂವಿನ ಹಾರ ಹಾಕುವ ಹಬ್ಬ. ನಾಯಿಗೇ ಹಬ್ಬವಿರುವಾಗ ನಾವೇನು ಕಡಿಮೆ ಎನಿಸಿತು.

“ನಾಡಿದ್ದು ಎಳ್ಳಮಾಸಿ ಅದ ಸಾಬ್. ನನಗ ಗುರ್ತಿನ ಹೊಲ ಒಂದದ,” ಎಂದು ಹಿಂದಿಯಲ್ಲಿ ಹೇಳಿದೆ. ಅಕ್ಕನ ಹೊಲ ಎಂದುಬಿಟ್ಟರೆ ಗೈಡಿನ ಮರ್ಯಾದೆ ಏನುಳಿಯುತ್ತದೆ? ಎರಡು ದಿನದಲ್ಲಿ ನಾನು ಗೈಡ್ ಆಗಿಬಿಟ್ಟಿದ್ದೆ. ಕರಿ ಚಷ್ಮಾ ಕೂಡ ಕೊಂಡಿದ್ದೆ.

ಆ ದಿನ ನಮ್ಮ ಕಡೆ ಊರಿಗೆ ಊರೇ ಅಡುಗೆ ಹೊತ್ತು ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಗೂಡಿನಲ್ಲಿ ಸುಣ್ಣ ಬಳಿದ ಐದು ಕಲ್ಲುಗಳನ್ನು ಪೂಜಿಸಿ, ಹೊಲದ ತುಂಬ ಅನ್ನ, ಕಾಳು-ಪಲ್ಲೆ ಕೂಡಿಸಿ ಬೇಯಿಸಿದ ಬಜ್ಜಿ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ಬಸುರಿ ಭೂಮಿತಾಯಿಗೆ ಬಡಿಸುವ ಊಟ ಅದು. ವರ್ಷಕ್ಕೆ ಒಮ್ಮೆ, ಯಾರ ಹೊಲವೋ ಅವರ ಕೈಯಿಂದ. ಲಗ್ನವಾಗಿ ಬಂದಂದಿನಿಂದ ಆ ಹೊಲದ ಕೈ ಅಕ್ಕನದು.

ಸಾಹೇಬರನ್ನು ಕರೆದುಕೊಂಡು ಹೊಲ ಮುಟ್ಟಿದಾಗ ಅಕ್ಕ ಎದುರು ಬಂದಳು. ನೈಲಾನ್ ಸೀರೆ, ಅದರ ಮೇಲೆ ಗಂಡನ ಹಳೆಯ ಸ್ವೆಟರು, ಕಿವಿಗೆ ಮಫ್ಲರು, ಕೈಯಲ್ಲಿ ಸ್ಟೀಲಿನ ಬಕೆಟ್ಟು.

“ಬರ್ರಿ ಬರ್ರಿ, ಕುಂದರ್ರಿ. ತಮ್ಮಾ, ಕಣ್ಣ ಬ್ಯಾನಿ ಬಂದಾದೇನು, ಕರಿ ಚಷ್ಮಾ ಯಾಕ?”

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಮಾತ್ರ ಅವರ ಕ್ಯಾಮೆರಾದ ಹೆಂಗಸರು ನೆನಪಾದರು. ಅವರಲ್ಲಿ ಒಬ್ಬಳಾದರೂ ಗಂಡನ ಸ್ವೆಟರು ಹಾಕಿಕೊಂಡಿರಲಿಲ್ಲ. ಸಾಹೇಬರು ಏನೂ ಹೇಳಿರಲಿಲ್ಲ. ಎಲ್ಲ ನನ್ನದೇ ಜಾಣತನ. ಪಕ್ಕದ ಹೊಲದ ಸೊಸೆ ಇಳಕಲ್ ಸೀರೆ ಉಟ್ಟು, ಮಣ್ಣಿನ ಗಡಿಗೆ ಹೊತ್ತು ಹೊರಟಿದ್ದಳು. ಅವಳನ್ನು ಕರೆದೆ.

“ಅಕ್ಕಾ, ನೀ ಜರಾ ಆ ಕಡಿ ಸರಿ,” ಎಂದು ಬೆರಳು ತೋರಿಸಿದೆ.

“ಬೇಕಾದ್ರ ಸ್ವೆಟರ್ ತೆಗಿತೀನಿ,” ಎಂದಳು ಅಕ್ಕ.

“ಥಂಡಿ ಅದ, ಇರ್ಲಿ ಬಿಡು,” ಎಂದೆ. ಅದನ್ನು ಕಾಳಜಿ ಎಂದು ತಿಳಿಯಬೇಡಿ.

ಪಕ್ಕದ ಹೊಲದ ಸೊಸೆ ಹಿಂಜರಿದಳು. “ಅಯ್ಯ, ಅವರ ಹೊಲಕ್ಕ ನಾ ಹ್ಯಾಂಗ ಚರಗ ಚೆಲ್ಲಲಿ?”

“ಫೋಟೋಕ್ಕ ಅಷ್ಟೇರಿ. ಭೂಮಿತಾಯಿ ಏನು ಆಧಾರ್ ಕಾರ್ಡ್ ಕೇಳ್ತಾಳೇನು?”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಬಕೆಟ್ಟಿನ ಮುಚ್ಚಳ ಮುಚ್ಚಿದಳು.

ಸಾಹೇಬರು ಅವಳ ಕಡೆ ತಿರುಗಿ, ಅವರು ಯಾರು ಎಂದು ಕೇಳಿದರು.

“ಈ ಹೊಲದವರು ಸಾಬ್,” ಎಂದೆ.

ಆ ವರ್ಷ ಅಕ್ಕನ ಹೊಲ ಪಕ್ಕದವಳ ಕೈಯಿಂದ ಉಂಡಿತು. ಒಮ್ಮೆ ಉಂಡ ಹೊಲಕ್ಕೆ ಮತ್ತೆ ಬಡಿಸುವುದಿಲ್ಲವೆಂದು ಅಕ್ಕ ತನ್ನ ಬಕೆಟ್ಟನ್ನು ನಮ್ಮ ಮುಂದೆ ಇಟ್ಟಳು. ಬಜ್ಜಿ ರುಚಿಯಾಗಿತ್ತು. ನಾನು ಎರಡು ಸಲ ಬಡಿಸಿಕೊಂಡೆ.

ಕೆಲವು ತಿಂಗಳಾದ ಮೇಲೆ ಸಾಹೇಬರು ಮೊಬೈಲಿಗೆ ಫೋಟೊ ಕಳಿಸಿದರು. ಬಳೆಯ ಮುದುಕಿ ಇದ್ದಳು. ಇಳಕಲ್ ಸೀರೆ ಎಲ್ಲೂ ಇರಲಿಲ್ಲ. ಹೊಲದ್ದು ಒಂದೇ ಫೋಟೊ: ಸ್ವೆಟರು ಹಾಕಿದ ಅಕ್ಕ, ಬಕೆಟ್ಟಿನ ಮೇಲೆ ಕೈಯಿಟ್ಟು, ಬೇರೆಯವರು ಉಣಿಸುತ್ತಿರುವ ತನ್ನ ಹೊಲವನ್ನು ನೋಡುತ್ತಿದ್ದಾಳೆ. ಅಂಚಿನಲ್ಲಿ, ಇನ್ನೂ ‘ಆ ಕಡಿ ಸರಿ’ ಎನ್ನುತ್ತಿರುವ ಒಂದು ಬೆರಳು. ‘ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಆ ತಾಯಿಗೆ ಒಂದು ಪ್ರತಿ ಕೊಡಿ’ ಎಂದು ಬರೆದಿದ್ದರು.

ಹುಮನಾಬಾದಿನ ಸ್ಟುಡಿಯೊಕ್ಕೆ ಹೋಗಿ, ದೊಡ್ಡದು ಮಾಡಿ, ಆದರೆ ಬೆರಳು ಕತ್ತರಿಸಿ ಎಂದೆ.

“ಬೆರಳ ತೆಗೆದ್ರ ಅಮ್ಮಾರ ಮೊಳಕೈ ಹೋಗ್ತದರಿ,” ಎಂದ ಸ್ಟುಡಿಯೊದವ. “ಯಾವ ಶಾಣ್ಯಾ ರಿ ಇವ, ನಡುವ ಬೆರಳ ಹಾಕ್ಯಾನ?”

“ಯಾವನೋ ಆಟೊದವ,” ಎಂದೆ. ಅಲ್ಲಿಯೂ.

ಬೆರಳಿನ ಸಮೇತ ದೊಡ್ಡದು ಮಾಡಿಸಿದ ಫೋಟೊ ಮನೆಯ ಟ್ರಂಕಿನಲ್ಲಿ ಉಳಿಯಿತು. ಈ ವರ್ಷ ಎಳ್ಳಮಾವಾಸ್ಯೆ ಬಂದರೂ ಅಕ್ಕನ ಫೋನು ಬರಲಿಲ್ಲ. ಆ ದಿನ ನಮ್ಮಲ್ಲಿ ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕೈ ಹಿಡಿದು ಹೊಲಕ್ಕೆ ಎಳೆಯುತ್ತಾರೆ. ತಮ್ಮನನ್ನು ಕರೆಯಲಿಲ್ಲ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕರೆಯದೆಯೇ ಹೋದೆ. ಚಷ್ಮಾ ಮನೆಯಲ್ಲಿ ಬಿಟ್ಟಿದ್ದೆ.

ಅಕ್ಕ ಅದೇ ಸ್ವೆಟರಿನಲ್ಲಿ ಚರಗಕ್ಕೆ ಹೊರಟಿದ್ದಳು. ಫೋಟೊ ಕೊಟ್ಟೆ. ಬಕೆಟ್ಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಪಕ್ಕದ ಹೊಲದ ಸೊಸೆಯೂ ಬಂದು ಇಣುಕಿದಳು.

“ಸ್ವೆಟರ್ ಛಲೋ ಬಂದಾದ,” ಎಂದಳು ಅಕ್ಕ. ಆಮೇಲೆ ಅಂಚನ್ನು ಮುಟ್ಟಿ ಕೇಳಿದಳು, “ಈ ಬೆರಳ ಯಾರದು?”

ಅವಳಿಗೆ ಗೊತ್ತಿತ್ತು. ಪಕ್ಕದ ಹೊಲದವಳಿಗೂ ಗೊತ್ತಿತ್ತು. ಹೇಳಬೇಕಾದವನು ನಾನೊಬ್ಬನೇ. ಸುತ್ತಲಿನ ನಾಲ್ಕು ಹೊಲಕ್ಕೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ನಂದೇ ಅಕ್ಕಾ. ನೀ ನನ್ನ ಅಕ್ಕ ಅಂತ ಹೇಳಾಕ ನಾಚಿಕಿ ಬಂತು, ನಿನ್ನ ಹೊಲದಾಗ ನಿನಗೇ ಆ ಕಡಿ ಸರಿ ಅಂದೆ. ತಪ್ಪಾಯ್ತು, ಮಾಫ್ ಮಾಡು.”