ಅಣ್ಣನ ಹೆಸರಿನಲ್ಲಿದ್ದ ಸರ್ವರ್‌ಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಎಂದೋ ಸರ್ವರ್‌ಗಳ ಕಬ್ಬಿಣದ ರ‍್ಯಾಕ್ ಇಳಿಸುವಾಗ ಅದರಡಿ ಸಿಕ್ಕಿ ಜಜ್ಜಿಹೋದ ಉಗುರು, ಮತ್ತೆ ಬೆಳ್ಳಗಾಗಲೇ ಇಲ್ಲ. ಆ ಉಗುರನ್ನು ನಮ್ಮ ಕಂಪ್ಯೂಟರಿನ ಪರದೆಗೆ ಒತ್ತಿ, ಎರರ್ ಮೆಸೇಜಿನ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಓದಿ ಮುಗಿಯುವಷ್ಟರಲ್ಲಿ ಪರದೆಯ ತುಂಬ ಹೆಬ್ಬೆಟ್ಟಿನ ಗುರುತು. ಒರೆಸಿಕೊಳ್ಳುವುದು ನಮ್ಮ ಕೆಲಸ.

ಆಫೀಸಿನಲ್ಲಿ ಎಲ್ಲರಿಗೂ ಅವರು ಅಣ್ಣ. ಅವರ ಬಗ್ಗೆ ಬರೆಯಲು ಕೂತರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಹೆಬ್ಬಾಳದ ಫ್ಲೈಓವರ್ ಕಾಣುವ ನಮ್ಮ ಆಫೀಸಿನಲ್ಲಿ, ಲ್ಯಾಬುಗಳ ರಕ್ತಪರೀಕ್ಷೆಯ ವರದಿಗಳನ್ನು ರೋಗಿಗಳ ಮೊಬೈಲಿಗೆ ತಲುಪಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅಣ್ಣ ಪಕ್ಕದ ಕೆಂಪಾಪುರದವರೇ, ಅಪಾರ್ಟ್‌ಮೆಂಟುಗಳು ಏಳುವುದಕ್ಕೆ ಮೊದಲಿನ ಕೆಂಪಾಪುರದವರು. ಎಲೆಕ್ಟ್ರಿಷಿಯನ್ ಆಗಿ ಸೇರಿ, ಸರ್ವರ್ ರೂಮಿನ ಉಸ್ತುವಾರಿಗೆ ಬಂದವರು. ಕಂಪನಿ ತನ್ನ ಮಿಷನ್ನುಗಳನ್ನು ಮಾರಿ, ಬೇರೆಯವರ ಮಿಷನ್ನುಗಳನ್ನು ಕ್ಲೌಡಿನಲ್ಲಿ ಬಾಡಿಗೆಗೆ ಹಿಡಿದಾಗ, ಇನ್ನು ಇವರಿಗೇನು ಕೆಲಸ ಎಂದು ಎಲ್ಲರೂ ಅಂದುಕೊಂಡರು. ಅವರು ಆರು ತಿಂಗಳು ಕೂತು ಅದನ್ನೂ ಕಲಿತರು. ನಮಗಿಂತ ಚೆನ್ನಾಗಿ ಕಲಿತರು.

ನಾನು ಸೇರಿದ ಹೊಸದರಲ್ಲಿ ಕ್ಲೌಡಿನಲ್ಲಿ ಒಂದು ಹೊಸ ಸರ್ವರ್ ಮಾಡಲು ಹೋಗಿ ಬೆಳಗಿನಿಂದ ಊಟದ ಹೊತ್ತಿನವರೆಗೆ ಒದ್ದಾಡಿದೆ. ಒತ್ತಿದಾಗೆಲ್ಲ ‘ತಡೆಯಲಾಗಿದೆ’ ಎಂದು ಬರುತ್ತಿತ್ತು.

“ಅಣ್ಣ, ಕ್ಲೌಡೇ ಕೆಟ್ಟೋಗಿದೆ” ಎಂದೆ.

“ಕ್ಲೌಡಿಗೇನ್ ರೋಗ? ಓದು.”

ಮೊದಲ ಸಾಲು ಓದಿ ನಿಲ್ಲಿಸಿದೆ.

“ಕೆಳೀಕ್ ಓಗು. ಕೊನೇಗಂಟ ಓದು. ತಡ್ದಿರೋದು ಮಿಷನ್ ಅಲ್ಲ ಕಣಮ್ಮ, ಯಾರೋ ಬರ್ದಿರೋ ರೂಲು. ಆ ರೂಲಿನ್ ಎಸ್ರು ಕೆಳ್ಗಡೆ ಇರ್ತದೆ.”

ಇತ್ತು. ನಮ್ಮ ಸರ್ವರ್‌ಗಳು ದೇಶದೊಳಗೇ ಇರಬೇಕು ಎಂಬುದು ರೂಲ್. ನಾನು ಸಿಂಗಪುರವನ್ನು ಆರಿಸಿಕೊಂಡಿದ್ದೆ. “ಓದೋಕ್ ಬರೋರೇ ಓದಲ್ಲ, ಏನ್ ಜನಾನೋ” ಎಂದು ಗೊಣಗುತ್ತ ಹೊರಟುಹೋದರು. ಅವರ ಬಾಯಿಂದ ಬೈಸಿಕೊಳ್ಳದೆ ನಮ್ಮಲ್ಲಿ ಯಾರೂ ಕೆಲಸ ಕಲಿತಿಲ್ಲ.

ಆಮೇಲೆ ಮ್ಯಾನೇಜರ್ ಒಂದು ಹೊಸ ರೂಲ್ ತಂದರು. ಸರ್ವರ್ ಮಾಡುವಾಗ ಅದರ ಹೊಣೆ ಹೊರುವ ಉದ್ಯೋಗಿಯ ಹೆಸರು ಬರೆಯಲೇಬೇಕು, ಇಲ್ಲದಿದ್ದರೆ ಕ್ಲೌಡ್ ಮಾಡಗೊಡುವುದಿಲ್ಲ. ಒಳ್ಳೆಯ ರೂಲೇ. ಹಾಳು ಮಾಡಿದವರು ನಾವು. ಸರ್ವರ್ ಕೆಟ್ಟರೆ ಹೆಸರಿದ್ದವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬರುತ್ತದೆ ಎಂದು ಗೊತ್ತಾದದ್ದೇ ತಡ, ಇಪ್ಪತ್ತು ಜನ ಇಂಜಿನಿಯರುಗಳು ಒಬ್ಬೊಬ್ಬರಾಗಿ ಅಲ್ಲಿ ಅಣ್ಣನ ಹೆಸರು ಬರೆಯತೊಡಗಿದೆವು. ತಪ್ಪದೆ ಫೋನ್ ಎತ್ತುತ್ತಿದ್ದವರು ಅವರೊಬ್ಬರೇ. ಯಾರೋ ಮೊದಲ ಸಲ ಕೇಳಿದ್ದರಂತೆ, ಅವರು “ಕೆಲ್ಸ ನಿಲ್ಬಾರ್ದು, ಬರ್ಕೊ” ಅಂದಿದ್ದರಂತೆ. ಉಳಿದವರು ಕೇಳಲೂ ಇಲ್ಲ. ನಾನೂ ಕೇಳಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಏನನ್ನೋ ಪರೀಕ್ಷಿಸಲೆಂದು ಸರ್ವರ್ ಮಾಡಿದೆ. ಅದರೊಳಗೆ ನಿಜವಾದ ರೋಗಿಗಳ ವರದಿಗಳನ್ನೇ ಹಾಕಿದೆ. ಪಾಸ್‌ವರ್ಡಿನ ರಗಳೆ ಬೇಡವೆಂದು ಯಾರು ಬೇಕಾದರೂ ತೆರೆಯುವಂತೆ ಬಿಟ್ಟೆ. ಹೊಣೆಗಾರರ ಜಾಗದಲ್ಲಿ ಅಣ್ಣನ ಹೆಸರು ಬರೆದೆ. ಸೋಮವಾರದ ಹೊತ್ತಿಗೆ ಮರೆತೂಬಿಟ್ಟೆ.

ತಿಂಗಳಾದ ಮೇಲೆ, ನಮ್ಮ ಸಾಫ್ಟ್‌ವೇರ್ ಬಳಸುವ ಒಂದು ಲ್ಯಾಬಿನವರು ತಮ್ಮ ರೋಗಿಗಳ ವರದಿಗಳು ಇಂಟರ್ನೆಟ್ಟಿನಲ್ಲಿ ಬಿದ್ದಿರುವುದನ್ನು ಕಂಡು ದೂರು ಕೊಟ್ಟರು. ಮ್ಯಾನೇಜರ್ ಎಲ್ಲರನ್ನೂ ಮೀಟಿಂಗಿಗೆ ಕೂರಿಸಿ, ಗೋಡೆಯ ದೊಡ್ಡ ಪರದೆಯಲ್ಲಿ ಹೆಸರು ತೋರಿಸಿದರು.

“ಇದು ನಿಮ್ ಸರ್ವರ್ ಅಲ್ವೇನ್ರೀ?”

“ಎಸ್ರು ನಂದೇ” ಎಂದರು ಅಣ್ಣ.

“ಹಾಗಾದ್ರೆ ರೆಸ್ಪಾನ್ಸಿಬಿಲಿಟಿನೂ ನಿಮ್ದೇ ತಾನೆ?”

ಅಣ್ಣ ಗೋಡೆಯ ಪರದೆಯನ್ನೇ ನೋಡುತ್ತ ಕೂತರು. ಹೆಸರು ಯಾರದೇ ಇರಲಿ, ಸರ್ವರ್ ಮಾಡಿದ ಕೈ ಯಾರದು ಎಂಬುದು ಕ್ಲೌಡಿನ ಲಾಗ್‌ನಲ್ಲಿ, ಅಂದರೆ ಅದರ ದಿನಚರಿಯಲ್ಲಿ, ದಾಖಲಾಗಿರುತ್ತದೆ. ನೋಡಲು ಎರಡು ನಿಮಿಷ ಸಾಕು. ಆ ಮ್ಯಾನೇಜರಿಗೆ ಎರಡು ನಿಮಿಷ ಇರಲಿಲ್ಲ. ಎಲೆಕ್ಟ್ರಿಷಿಯನ್ ಆಗಿದ್ದವನು ತಪ್ಪು ಮಾಡಿದ ಎಂದರೆ ಲ್ಯಾಬಿನವರು ಮರುಮಾತಿಲ್ಲದೆ ನಂಬುತ್ತಾರೆ, ಆತನಿಗೆ ಬೇಕಾದದ್ದು ಅಷ್ಟೇ. ಆದರೆ ಆತನನ್ನು ಬೈಯಲು ನನಗೆ ಬಾಯಿ ಎಲ್ಲಿದೆ? ಅರ್ಧ ಗಂಟೆಯ ಮೀಟಿಂಗಿನಲ್ಲಿ ನಾನು ನೋಟ್‌ಬುಕ್ಕಿನ ಅಂಚು ಹರಿಯುತ್ತ ಕೂತಿದ್ದೆ. ಆ ವಾರವೇ ಅಣ್ಣನನ್ನು ಕೆಲಸದಿಂದ ತೆಗೆದರು.

ಮರುವಾರ ಉದ್ಯೋಗಿಗಳ ಪಟ್ಟಿಯಿಂದ ಅವರ ಹೆಸರನ್ನು ಅಳಿಸಿದರು. ಅವತ್ತು ಬೆಳಗಿನಿಂದ ಒಬ್ಬರಿಗೂ ಒಂದು ಸರ್ವರ್ ಮಾಡಲು ಆಗಲಿಲ್ಲ. ‘ಅನುಮತಿ ಇಲ್ಲ’ ಎಂಬ ಮೊದಲ ಸಾಲನ್ನಷ್ಟೇ ಓದಿ, ಎಲ್ಲರೂ ಒಬ್ಬರಿಗೊಬ್ಬರು ಅನುಮತಿ ಕೊಟ್ಟುಕೊಂಡದ್ದೇ ಕೊಟ್ಟುಕೊಂಡದ್ದು. ಎಲ್ಲ ಅನುಮತಿಯೂ ಇದ್ದ ಮ್ಯಾನೇಜರಿಗೂ ಆಗಲಿಲ್ಲ. ಕೊನೆಗೆ ಮ್ಯಾನೇಜರೇ ನಾಚಿಕೆಯಿಲ್ಲದೆ, “ಅವ್ರಿಗೇ ಒಂದ್ ಕಾಲ್ ಮಾಡಮ್ಮ, ನೀನು ಕೇಳಿದ್ರೆ ಹೇಳ್ತಾರೆ” ಎಂದರು. ನಾನೂ ನಾಚಿಕೆಯಿಲ್ಲದೆ ಮಾಡಿದೆ.

“ಏನ್ ಬರ್ದದೆ, ಓದು” ಎಂದರು ಅಣ್ಣ.

ಓದಿದೆ. ಕೊನೆಯ ಸಾಲಿನಲ್ಲಿ ಅವರ ಹೆಸರಿತ್ತು. ಈ ಹೊಣೆಗಾರರು ಈ ಸಂಸ್ಥೆಯಲ್ಲಿ ಇಲ್ಲ ಎಂದಿತ್ತು. ಕೆಲಸದಿಂದ ತೆಗೆದ ಮೇಲೂ ನಾವೆಲ್ಲ, ಮ್ಯಾನೇಜರ್ ಕೂಡ, ಹಳೆಯದನ್ನೇ ನಕಲು ಮಾಡಿಕೊಂಡು ಅವರ ಹೆಸರನ್ನೇ ಬರೆಯುತ್ತಿದ್ದೆವು.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದರು.

“ಸರ್ಯಾಗೇ ಯೋಳ್ತಾ ಅದೆ” ಎಂದರು. “ನಿಮ್ ನಿಮ್ ಎಸ್ರು ಬರ್ಕೊಳಿ, ಆಯ್ತದೆ.” ಫೋನ್ ಇಟ್ಟರು.

ತನ್ನ ಹೆಸರು ಬರೆಯಲು ಯಾರೂ ಮುಂದೆ ಬರಲಿಲ್ಲ. ಹೊಸದಾಗಿ ಸೇರಿದವರಲ್ಲಿ ಯಾರದಾದರೂ ಹಾಕೋಣ ಎಂದರು ಒಬ್ಬರು. ನನ್ನ ಮೈಯೆಲ್ಲ ಉರಿದುಹೋಯಿತು. ಗೋಡೆಯ ಪರದೆಯಲ್ಲಿ ಹಳೆಯ ಲಾಗ್ ತೆರೆದು, ಆ ಸರ್ವರ್ ಮಾಡಿದ್ದು ನಾನು ಎಂದೆ. ಮ್ಯಾನೇಜರ್ ಅದನ್ನು ಪೂರ್ತಿ ಓದಲೂ ಇಲ್ಲ. “ಮುಗಿದಿರೋ ವಿಷ್ಯ, ಈಗ್ಯಾಕಮ್ಮ? ಮೊದ್ಲು ಇದನ್ನ ಸರಿ ಮಾಡು” ಎಂದರು. ನನ್ನ ಹೆಸರು ಬರೆದೆ. ಸರ್ವರ್ ಆಯಿತು.

ಅವತ್ತೇ ಸಂಜೆ ಕೆಂಪಾಪುರದ ಅವರ ಮನೆಗೆ ಹೋದೆ. ಬಾಗಿಲ ಮುಂದೆ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಅವರು ತಲೆ ಎತ್ತಲಿಲ್ಲ.

“ಗೊತ್ತು. ಮೀಟಿಂಗಿಗ್ ಬರೋಕ್ ಮುಂಚೇನೇ ಲಾಗ್ ನೋಡ್ಕೊಂಡ್ ಬಂದಿದ್ದೆ.”

“ಮತ್ಯಾಕಣ್ಣ ಹೇಳ್ಲಿಲ್ಲ?”

ಸ್ಕ್ರೂಡ್ರೈವರ್ ಕೆಳಗಿಟ್ಟರು. “ನೀನೇ ಯೋಳ್ತೀಯ ಅಂತ ಅರ್ಧ ಗಂಟೆ ಕಾದೆ ಕಣಮ್ಮ. ಕೆಲ್ಸ ಕಲ್ಸಿದೋನು ನಾನು. ನಾನೇ ನಿನ್ನ ಇಡ್ಕೊಡ್ಬೇಕಿತ್ತಾ?”

ತಪ್ಪಾಯಿತು ಎಂದೆ. “ಓಗು, ಕತ್ಲಾಯ್ತದೆ” ಎಂದು ಮತ್ತೆ ಮಿಕ್ಸಿಗೆ ಕೈ ಹಾಕಿದರು. ಆ ಮನೆಗೆ ಹೋಗಿ ಕಾಫಿ ಕುಡಿಯದೆ ವಾಪಸು ಬಂದವರು ನಮ್ಮ ಆಫೀಸಿನಲ್ಲಿ ಯಾರೂ ಇರಲಿಲ್ಲ. ಅವತ್ತು ನಾನು ಬಂದೆ.

ನಾಲ್ಕು ತಿಂಗಳಿಗೆ ಅವರು ಹೃದಯಾಘಾತದಿಂದ ತೀರಿಕೊಂಡರು. ಮ್ಯಾನೇಜರ್ ಎಲ್ಲರಿಗೂ ಮೇಲ್ ಕಳಿಸಿ, ನಮ್ಮ ಕುಟುಂಬದ ಹಿರಿಯರನ್ನು ಕಳೆದುಕೊಂಡೆವು ಎಂದು ಬರೆದರು. ಅದನ್ನು ಓದಿದ ದಿನವೇ ಕೆಲಸ ಬಿಟ್ಟೆ.

ಅವರು ಮನಸ್ಸಿನಲ್ಲೇ ನಿನ್ನನ್ನು ಕ್ಷಮಿಸಿರುತ್ತಾರೆ ಬಿಡು ಎಂದು ಸ್ನೇಹಿತರು ಸಮಾಧಾನ ಹೇಳುತ್ತಾರೆ. ಹಾಗೆ ಹೇಳುವವರ ಮೇಲೂ ನನಗೆ ಸಿಟ್ಟು. ಅವರು ಕ್ಷಮಿಸಿರಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ. ಆ ಮೀಟಿಂಗಿನ ಅರ್ಧ ಗಂಟೆಯಲ್ಲಿ ಎದುರಿಗೇ ಕೂತಿದ್ದ ಅವರು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೆದರಿ ಹೇಳಿಬಿಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು, ಅವರಿಗೆ ಬೇಕಿದ್ದದ್ದು ನಾನಾಗಿ ಹೇಳುವುದು. ಅದಕ್ಕೇ ನೋಡಲಿಲ್ಲ.